ಹಸಿರು ತೊಟ್ಟಿ ತಿಳಿಯಾಗಲು ನಾಲ್ಕು ತಿಂಗಳು: ಬಳ್ಳಾರಿ ಬಿಸಿಲು, ಬೋರ್ ನೀರು, ಯುವಿ ಲೈಟ್

ನಮ್ಮ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದೆ. ಹಿತ್ತಲಲ್ಲಿ ಒಂದು ಸಿಮೆಂಟ್ ತೊಟ್ಟಿ. ಗಿಡಗಳಿಗೆ ನೀರು ಹಿಡಿದಿಡಲು ಅಪ್ಪ ಬಹಳ ಹಿಂದೆ ಕಟ್ಟಿಸಿದ್ದು. ಎರಡು ವರ್ಷದ ಹಿಂದೆ ಅದರಲ್ಲಿ ಮೀನು ಬಿಟ್ಟೆವು. ಒಂಬತ್ತು ಗೋಲ್ಡ್ ಫಿಶ್, ನಾಲ್ಕು ಕೋಯಿ, ಒಟ್ಟು ಹದಿಮೂರು. ಅಪ್ಪನಿಗೆ ಈಗ 78. ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಕುರ್ಚಿ ಎಳೆದುಕೊಂಡು ತೊಟ್ಟಿಯ ಪಕ್ಕ ಕೂರುವುದು ಅವರ ಅಭ್ಯಾಸ.

2025ರ ಫೆಬ್ರವರಿಯಲ್ಲಿ ಒಂದು ದಿನ ಅವರು ಕರೆದು ಕೇಳಿದರು: "ಮೀನು ಎಲ್ಲದಾವೋ? ಒಂದೂ ಕಾಣವಲ್ಲವಲ್ಲ." ಹೋಗಿ ನೋಡಿದರೆ ನೀರು ಪಾಲಕ್ ಸೊಪ್ಪು ರುಬ್ಬಿ ಹಾಕಿದ ಹಾಗಿತ್ತು. ಅಲ್ಲಿಂದ ಜೂನ್‌ವರೆಗೆ ಮಾಡಿದ ಕೆಲಸವನ್ನು ತಾರೀಖಿನ ಪ್ರಕಾರ ಬರೆದಿಟ್ಟಿದ್ದೇನೆ. ಎಲ್ಲೆಲ್ಲಿ ತಪ್ಪಿದೆನೋ ಅದನ್ನೂ ಬಿಟ್ಟಿಲ್ಲ. ನಮ್ಮ ಕಡೆ ಬಿಸಿಲು, ನಮ್ಮ ಕಡೆ ಬೋರ್ ನೀರು ಇರುವವರಿಗೆ ಉಪಯೋಗಕ್ಕೆ ಬರಲಿ ಎಂದು.

ಫೆಬ್ರವರಿ 9, ಭಾನುವಾರ: ಅಳತೆ

ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ. ನೀರಿನ ಆಳ ಎರಡೂವರೆ ಅಡಿ. ಗುಣಿಸಿದರೆ 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಸುಮಾರು 4,250 ಲೀಟರ್. ಈ ಲೆಕ್ಕ ಮೊದಲು ಮಾಡಿಕೊಳ್ಳಿ. ಮುಂದೆ ಪಂಪ್, ಲೈಟ್, ಔಷಧಿ ಎಲ್ಲಕ್ಕೂ ಇದೇ ಆಧಾರ.

ನೀರು ಎಷ್ಟು ಮಬ್ಬಾಗಿದೆ ಎಂದು ಅಳೆಯಲು ಒಂದು ಬಿಳಿ ಪಿಂಗಾಣಿ ಸಾಸರ್ ತೆಗೆದುಕೊಂಡೆ. ಅದನ್ನು ದಾರದ ಜೋಳಿಗೆಯಲ್ಲಿ ಕೂರಿಸಿ, ದಾರಕ್ಕೆ ಒಂದೊಂದು ಇಂಚಿಗೆ ಮಾರ್ಕರ್‌ನಿಂದ ಗೆರೆ ಹಾಕಿದೆ. ಸಾಸರ್ ಮೆಲ್ಲಗೆ ಇಳಿಸುತ್ತಾ ಹೋಗುವುದು, ಕಣ್ಣಿಗೆ ಮಾಯವಾದ ಕಡೆ ದಾರದ ಗೆರೆ ಎಣಿಸುವುದು. ಮೊದಲ ದಿನ ನಾಲ್ಕೇ ಇಂಚಿಗೆ ಮಾಯವಾಯಿತು. "ಸ್ವಲ್ಪ ತಿಳಿಯಾದ ಹಾಗಿದೆ ಅಲ್ವಾ?" ಎಂದು ಮನೆಯವರೆಲ್ಲ ಒಂದೊಂದು ಹೇಳುತ್ತಿರುತ್ತಾರೆ. ಸಾಸರ್ ಇದ್ದರೆ ಆ ಗೊಂದಲ ಇಲ್ಲ.

ನೀರಿನಲ್ಲಿ ಕರಗಿದ ಉಪ್ಪಿನ ಅಂಶ ತೋರಿಸುವ ಟಿಡಿಎಸ್ ಮೀಟರ್ ಇತ್ತು. ನಮ್ಮ ಬೋರ್ ನೀರು 1,450 ತೋರಿಸಿತು. ತೊಟ್ಟಿಯ ನೀರು 1,900. ನಲ್ಲಿ ನೀರು 280 ಮಾತ್ರ, ಅದು ತುಂಗಭದ್ರೆಯ ನೀರು. ತೊಟ್ಟಿಯಲ್ಲಿ ಯಾಕೆ ಇಷ್ಟು ಜಾಸ್ತಿ ಎಂದರೆ, ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಮತ್ತೆ ನಾವು ಬೋರ್ ನೀರನ್ನೇ ತುಂಬುತ್ತೇವೆ. ಬೇಸಿಗೆಯಲ್ಲಿ ನಮ್ಮ ತೊಟ್ಟಿ ದಿನಕ್ಕೆ ಅರ್ಧ ಇಂಚು ಇಳಿಯುತ್ತದೆ. ಅರ್ಧ ಇಂಚೆಂದರೆ 70 ಲೀಟರ್. ಈ 1,900ರ ಅಂಕಿಯನ್ನು ಅವತ್ತು ಸುಮ್ನೆ ಬರೆದಿಟ್ಟು ಮರೆತೆ. ಮೇ ತಿಂಗಳಲ್ಲಿ ಅದೇ ಬಂದು ಕಾಡಿತು.

ಫೆಬ್ರವರಿ 16: ನೀರು ಬದಲಿಸಿದ್ದು

ಅರ್ಧ ನೀರು ತೆಗೆದು ತೆಂಗಿನ ಗಿಡಕ್ಕೆ ಬಿಟ್ಟು, ಬೋರ್ ನೀರು ತುಂಬಿದೆ. ಸಾಸರ್ ಒಂಬತ್ತು ಇಂಚಿನವರೆಗೆ ಕಂಡಿತು. ಖುಷಿಯಾಯಿತು. ನಾಲ್ಕನೇ ದಿನಕ್ಕೆ ಮತ್ತೆ ಐದು ಇಂಚು, ವಾರಕ್ಕೆ ಮೂರೂವರೆ. ಮೊದಲಿಗಿಂತ ಕಡೆ. ಹೊಸ ನೀರು, ಮೇಲೆ ಬಿಸಿಲು, ಕೆಳಗೆ ಮೀನಿನ ಗಲೀಜು ಹಾಗೇ ಇದೆ. ಪಾಚಿಗೆ ಇನ್ನೇನು ಬೇಕು?

ಪಕ್ಕದ ಮನೆಯವರು ಪಟಕ ಹಾಕಿ ಎಂದರು. ಇನ್ನೊಬ್ಬರು ಮೈಲುತುತ್ತ ಎಂದರು. ಎರಡೂ ಹಾಕಲಿಲ್ಲ. ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ, ನಿಜ. ಅಳತೆ ಸ್ವಲ್ಪ ತಪ್ಪಿದರೆ ಮೀನನ್ನೂ ಕೊಲ್ಲುತ್ತದೆ.

ಇದೇ ವಾರ ಇನ್ನೊಂದು ವಿಷಯ ಗೊತ್ತಾಯಿತು. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ ತಿನ್ನುವಾಗ ಅಪ್ಪ ದಿನಾ ಒಂದು ಹಿಡಿ ಒಣ ಮಂಡಕ್ಕಿಯನ್ನು ಮೀನಿಗೂ ಹಾಕುತ್ತಿದ್ದರು. ತಿಂದಷ್ಟು ತಿಂದವು, ಉಳಿದದ್ದು ತಳಕ್ಕೆ ಹೋಗಿ ಕೊಳೆಯುತ್ತಿತ್ತು. ತಳದಿಂದ ಒಂದು ಹಿಡಿ ಕೆಸರು ತೆಗೆದರೆ ಕಪ್ಪಗೆ, ಹುಳಿ ವಾಸನೆ. ಬೇಡ ಅನ್ನಲು ಮನಸ್ಸು ಬರಲಿಲ್ಲ. ಕುಂಕುಮದ ಭರಣಿಯಷ್ಟು ಚಿಕ್ಕ ಡಬ್ಬಿಯಲ್ಲಿ ಮೀನಿನ ಕಾಳು ಹಾಕಿ ಅವರ ಕುರ್ಚಿಯ ಪಕ್ಕ ಇಟ್ಟೆ. "ದಿನಕ್ಕೆ ಇಷ್ಟೇ ಅಪ್ಪಾ, ಅವೂ ವಯಸ್ಸಾದವು" ಅಂದೆ. ಒಪ್ಪಿದರು.

ಫೆಬ್ರವರಿ 23ರಿಂದ ಮಾರ್ಚ್ 4: ತಪ್ಪು ಲೈಟ್

ಯುವಿ (ನೇರಳಾತೀತ) ಲೈಟ್ ಹಾಕಿದರೆ ಹಸಿರು ಹೋಗುತ್ತದೆ ಎಂದು ಕೇಳಿದ್ದೆ. ಬೆಂಗಳೂರು ರಸ್ತೆಗೆ ಹೋಗಿ ಒಂದು ಅಂಗಡಿಯಲ್ಲಿ "ಯುವಿ ಟ್ಯೂಬ್ ಕೊಡಿ" ಅಂದೆ. ನೀಲಿ ಬೆಳಕಿನ ಒಂದು ಚಿಕ್ಕ ಟ್ಯೂಬ್ ಕೊಟ್ಟರು. ಫಿಟ್ಟಿಂಗ್ ಸೇರಿ 420 ರೂಪಾಯಿ. ತೊಟ್ಟಿಯ ಮೇಲೆ ತಗಡಿನ ಮರೆ ಮಾಡಿ, ನೀರಿನಿಂದ ಅರ್ಧ ಅಡಿ ಎತ್ತರಕ್ಕೆ ಕಟ್ಟಿ ಒಂಬತ್ತು ರಾತ್ರಿ ಉರಿಸಿದೆ. ಸಾಸರ್ ಮೂರೂವರೆ ಇಂಚಿನಿಂದ ಅಲ್ಲಾಡಲಿಲ್ಲ. ಟ್ಯೂಬಿನ ಸುತ್ತ ರಾಶಿ ಹುಳ ಮಾತ್ರ ಬಂದು ಬಿದ್ದವು.

ಹುಳ ಬಂದದ್ದೇ ಗುರುತು. ಅದು ಸೊಳ್ಳೆ, ನೊಣ ಹಿಡಿಯುವ ಯಂತ್ರದಲ್ಲಿ ಹಾಕುವ ಟ್ಯೂಬ್. ಅದೂ ಯುವಿಯೇ, ಆದರೆ ಬೇರೆ ಜಾತಿ. ಅದರ ಬೆಳಕು 365 ನ್ಯಾನೋಮೀಟರ್ ಆಸುಪಾಸಿನದು, ಅದನ್ನು ಯುವಿ-ಎ ಎನ್ನುತ್ತಾರೆ. ಪಾಚಿಯ ಕಣ ಸಾಯಬೇಕಾದರೆ 254 ನ್ಯಾನೋಮೀಟರ್ ಬೇಕು, ಅದು ಯುವಿ-ಸಿ. ಕೊಳ್ಳುವಾಗ ಟ್ಯೂಬಿನ ಗಾಜು ನೋಡಿ. ಯುವಿ-ಸಿ ಟ್ಯೂಬಿನ ಗಾಜು ಪೂರ್ತಿ ಪಾರದರ್ಶಕ. ಒಳಗೆ ಬಿಳಿ ಪುಡಿಯ ಲೇಪ ಇರುವುದಿಲ್ಲ, ತಂತಿ ಸ್ಪಷ್ಟವಾಗಿ ಕಾಣುತ್ತದೆ. ಡಬ್ಬಿಯ ಮೇಲೆ ಯುವಿ-ಸಿ ಅಥವಾ 254 ಎಂದು ಬರೆದಿರಬೇಕು. ಇಲ್ಲದಿದ್ದರೆ ತರಬೇಡಿ.

ಇನ್ನೊಂದು ಮಾತು. ಯುವಿ-ಸಿ ಟ್ಯೂಬ್ ಸಿಕ್ಕಿದ್ದರೂ ನಾನು ಕಟ್ಟಿದಂತೆ ತೊಟ್ಟಿಯ ಮೇಲೆ ತೂಗುಬಿಡುವುದು ತಪ್ಪು. ಹಸಿರು ನೀರಿನಲ್ಲಿ ಆ ಬೆಳಕು ಕೆಲವೇ ಇಂಚು ಒಳಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ. ವೆಲ್ಡಿಂಗ್ ನೋಡಿದವರಿಗೆ ಆಗುವ ಹಾಗೆ, ಆಗ ಏನೂ ಅನಿಸುವುದಿಲ್ಲ, ಕೆಲವು ಗಂಟೆ ಬಿಟ್ಟು ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ಅಪ್ಪ ದಿನಾ ಕೂರುವ ಜಾಗ ಅದು. ತಪ್ಪು ಟ್ಯೂಬ್ ಸಿಕ್ಕಿದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಅನಿಸಿತು.

ಮಾರ್ಚ್ 8ರಿಂದ 15: ಕುಡಿಯುವ ನೀರಿನ ಫಿಲ್ಟರಿನ ಬ್ಯಾರಲ್

ಮನೆಯ ವಾಟರ್ ಫಿಲ್ಟರ್ ರಿಪೇರಿ ಮಾಡುವ ಹುಡುಗನ ಹತ್ತಿರ 11 ವಾಟ್ ಯುವಿ ಬ್ಯಾರಲ್ ಸಿಕ್ಕಿತು. ಸ್ಟೀಲ್ ಕೊಳವೆ, ಒಳಗೆ ಲೈಟ್, ಜೊತೆಗೆ ಅಡಾಪ್ಟರ್. ಜಾಯಿಂಟ್ ಸೇರಿ 780 ರೂಪಾಯಿ. ಇದು ಸರಿಯಾದ ಬೆಳಕೇ. ಆದರೆ ಇದರ ಬಾಯಿ ಕಾಲು ಇಂಚಿನ ಪೈಪಿನದು. ಒಂದು ಲೀಟರ್ ಬಾಟಲಿ ತುಂಬಲು 40 ಸೆಕೆಂಡ್ ಹಿಡಿಯಿತು. ಗಂಟೆಗೆ 90 ಲೀಟರ್. ನಮ್ಮ ತೊಟ್ಟಿಯ ನೀರೆಲ್ಲ ಒಂದು ಸುತ್ತು ಬರಲು ಎರಡು ದಿನ! ಅಷ್ಟರಲ್ಲಿ ಪಾಚಿ ತನ್ನಷ್ಟೇ ಮತ್ತೆ ಬೆಳೆದಿರುತ್ತದೆ. ವಾರ ನೋಡಿ ತೆಗೆದೆ. ಚಿಕ್ಕ ಗಾಜಿನ ಅಕ್ವೇರಿಯಂ ಇರುವವರಿಗೆ ಇದು ಸಾಕಾಗಬಹುದು.

ಮಾರ್ಚ್ 22ರಿಂದ 29: ಸರಿಯಾದ ಸಾಮಾನು, ಡ್ರಮ್ ಫಿಲ್ಟರ್

ಕೊಳಗಳಿಗೆ ಅಂತಲೇ ಮಾಡಿದ 18 ವಾಟ್ ಯುವಿ ತರಿಸಿದೆ, 4,200 ರೂಪಾಯಿ. ಕಪ್ಪು ಪ್ಲಾಸ್ಟಿಕ್ ಕೊಳವೆ. ಅದರ ನಡುವೆ ಕ್ವಾರ್ಟ್ಜ್ ಗಾಜಿನ ಇನ್ನೊಂದು ಕೊಳವೆ. ಅದರೊಳಗೆ ಲೈಟ್. ನೀರು ಕಪ್ಪು ಕೊಳವೆಗೂ ಗಾಜಿಗೂ ನಡುವಿನ ಸಂದಿಯಲ್ಲಿ ಹರಿಯುತ್ತದೆ. ಕ್ವಾರ್ಟ್ಜ್ ಯಾಕೆ ಅಂದರೆ ಮಾಮೂಲಿ ಗಾಜು ಈ ಬೆಳಕನ್ನು ಹೊರಗೆ ಬಿಡುವುದೇ ಇಲ್ಲ. ಸುಮಾರು 4,000 ಲೀಟರಿಗೆ 10 ವಾಟ್ ಎಂಬುದು ಕೊಳ ಇಟ್ಟವರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ತೊಟ್ಟಿಗೆ ಇಡೀ ದಿನ ಬಿಸಿಲು ಬೀಳುತ್ತದೆ, ಅದಕ್ಕೇ ಒಂದು ಸೈಜ್ ದೊಡ್ಡದು ತೆಗೆದುಕೊಂಡೆ.

ಲೈಟ್ ಒಂದೇ ಸಾಲದು. ಬೆಳಕು ತಾಗಿದ ಪಾಚಿ ಸತ್ತು ಗುಂಪುಗಟ್ಟುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹಿಡಿಯಲು ಜಾಲರಿ ಬೇಕು. 200 ಲೀಟರಿನ ಹಳೆಯ ನೀಲಿ ಡ್ರಮ್ ತಂದೆ, 700 ರೂಪಾಯಿ. ಒಳಗೆ ಏನಿತ್ತು ಎಂದು ಕೇಳಿಯೇ ತಂದದ್ದು. ಕೆಮಿಕಲ್ ತುಂಬಿದ್ದ ಡ್ರಮ್ ಮೀನಿಗೆ ಬೇಡ. ನೀರು ಡ್ರಮ್ಮಿನ ತಳಕ್ಕೆ ಬಂದು ಮೇಲಕ್ಕೆ ಏರಬೇಕು. ಕೆಳಗೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ 60, ಅದರ ಮೇಲೆ ದಪ್ಪ ಸ್ಪಾಂಜ್ ಎರಡು ಪದರ, ಎಲ್ಲಕ್ಕಿಂತ ಮೇಲೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. ಎಲ್ಲಾ ಸೇರಿ 900. ಡ್ರಮ್ಮಿನ ಮೇಲ್ಭಾಗದಿಂದ ಒಂದೂವರೆ ಇಂಚಿನ ಪೈಪ್ ಮತ್ತೆ ತೊಟ್ಟಿಗೆ. ಪೈಪ್, ಎಲ್ಬೋ, ಟ್ಯಾಂಕ್ ನಿಪ್ಪಲ್, ಬಾಲ್ ವಾಲ್ವ್, ಸೊಲ್ಯೂಷನ್, ಟೆಫ್ಲಾನ್ ಟೇಪ್ ಸೇರಿ 640.

ಜೋಡಿಸಿದ ಕ್ರಮ ಹೀಗೆ: ತೊಟ್ಟಿ, ಪಂಪ್, ಯುವಿ, ಡ್ರಮ್, ಮತ್ತೆ ತೊಟ್ಟಿ. ಡ್ರಮ್ ಆದ ಮೇಲೆ ಯುವಿ ಇಟ್ಟರೆ ಗಾಜು ಬೇಗ ಗಲೀಜಾಗುವುದಿಲ್ಲ ಎನ್ನುವವರೂ ಇದ್ದಾರೆ. ಆದರೆ ಡ್ರಮ್ಮಿನಿಂದ ನೀರು ತಾನಾಗಿ ಇಳಿಯುತ್ತದೆ, ಯುವಿಯ ಕಿರಿದಾದ ಕೊಳವೆಯಲ್ಲಿ ದೂಡುವ ಬಲ ಅದಕ್ಕೆ ಸಾಲದು. ಸತ್ತ ಪಾಚಿಯೂ ನೇರ ಡ್ರಮ್ಮಿಗೇ ಹೋಗಲಿ ಎಂದು ಯುವಿಯನ್ನು ಮೊದಲು ಇಟ್ಟೆ.

ಯುವಿ ಕೊಳವೆಯ ಹೊರಬಾಯಿ ಮೇಲ್ಮುಖವಾಗಿ ಇರಬೇಕು. ನಾನು ಮೊದಲು ಕೆಳಮುಖ ಇಟ್ಟಿದ್ದೆ. ಒಳಗೆ ಗಾಳಿ ಸಿಕ್ಕಿಕೊಂಡು ಗುಳುಗುಳು ಸದ್ದು ಬರುತ್ತಿತ್ತು. ನೀರಿಲ್ಲದ ಕಡೆ ಲೈಟಿನ ಬಿಸಿ ನೇರ ಪ್ಲಾಸ್ಟಿಕ್ಕಿಗೆ ಹೋಗುತ್ತದೆ. ತಿರುಗಿಸಿದ ಮೇಲೆ ಸದ್ದು ನಿಂತಿತು.

ಕರೆಂಟಿನ ವಿಷಯದಲ್ಲಿ ಉಳಿಸಲು ಹೋಗಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಿನ ಲೈನಿಗೆ, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಮಳೆ ತಾಗದ ಬಾಕ್ಸ್, ಸರಿಯಾದ ಅರ್ಥಿಂಗ್ ಮಾಡಿಸಿದೆ. ಸಾಮಾನು 2,100, ಕೂಲಿ 500. ಇಡೀ ಕೆಲಸದಲ್ಲಿ ಅತಿ ಮುಖ್ಯ ಖರ್ಚು ಇದೇ. ಯಾಕೆ ಎಂದು ಮೇ 25ರ ಕತೆಯಲ್ಲಿ ಗೊತ್ತಾಗುತ್ತದೆ.

ಯುಗಾದಿಯ ಹಿಂದಿನ ದಿನ, ಮಾರ್ಚ್ 29ರ ಸಂಜೆ ಸ್ವಿಚ್ ಹಾಕಿದೆ. ಪಂಪ್ ಮಾತ್ರ ಹೊಸದು ತಂದಿರಲಿಲ್ಲ. ಗಿಡಗಳಿಗೆ ನೀರು ಬಿಡುವ ಅರ್ಧ ಎಚ್‌ಪಿ ಪಂಪೇ ಇತ್ತಲ್ಲ, ಅದನ್ನೇ ಜೋಡಿಸಿದೆ.

ಏಪ್ರಿಲ್ 1ರಿಂದ 3: ಜೋರು ನೀರು

ಮೂರು ದಿನ ಆದರೂ ಸಾಸರ್ ನಾಲ್ಕು ಇಂಚಲ್ಲೇ ಇತ್ತು. ಲೈಟ್ ಉರಿಯುತ್ತಿದೆ, ಕೊಳವೆಯ ತುದಿಯ ಮಬ್ಬು ಪ್ಲಾಸ್ಟಿಕ್ಕಿನಲ್ಲಿ ನೀಲಿ ಹೊಳಪು ಕಾಣುತ್ತದೆ. ನೀರು ಭರ್ಜರಿಯಾಗಿ ಬೀಳುತ್ತಿದೆ. ಮತ್ತೇನು ಕಡಿಮೆ?

ಪೈಪಿನ ಸೋರಿಕೆ ನೋಡಲು ಬಂದಿದ್ದ ಪ್ಲಂಬರ್ ನೀರು ಬೀಳುವುದನ್ನೇ ಸ್ವಲ್ಪ ಹೊತ್ತು ನೋಡಿ, "ಇಷ್ಟು ಜೋರ್ ಯಾಕ್ ಬಿಟ್ಟೀರಿ ಸಾರ್? ಬೆಂಕಿ ಮುಂದ ಓಡಿಹೋದ್ರ ಮೈ ಕಾಯ್ತದೇನ್ರಿ?" ಎಂದ. ಸರಿಯಾಗಿ ಹೇಳಿದ. 20 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ. 18 ಸೆಕೆಂಡಿಗೆ ತುಂಬಿತು. ಗಂಟೆಗೆ 4,000 ಲೀಟರ್. ಯುವಿಯ ಡಬ್ಬಿ ಹುಡುಕಿ ಓದಿದರೆ, ಗಂಟೆಗೆ 2,500 ಲೀಟರ್ ಮೀರಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಓದದೇ ಜೋಡಿಸಿದ್ದು ನನ್ನ ತಪ್ಪು. ಪಾಚಿಯ ಕಣ ಬೆಳಕಿನ ಮುಂದೆ ನಿಲ್ಲುವ ಹೊತ್ತು ಸಾಲದೆ ಜೀವಂತವಾಗಿಯೇ ಆಚೆ ಬರುತ್ತಿತ್ತು.

ಆ ಪಂಪ್ ಇನ್ನೊಂದು ಕಾರಣಕ್ಕೂ ಆಗುವುದಿಲ್ಲ. ದಿನಕ್ಕೆ 9 ಯೂನಿಟ್ ಕರೆಂಟ್ ತಿನ್ನುತ್ತದೆ. 24 ಗಂಟೆ ಓಡಿಸುವ ಪಂಪೂ ಅದಲ್ಲ, ಮುಟ್ಟಿದರೆ ಕೈ ಸುಡುತ್ತಿತ್ತು. 45 ವಾಟಿನ ಮುಳುಗುವ ಪಂಪ್ ತಂದೆ, 1,750 ರೂಪಾಯಿ. ಡಬ್ಬಿಯ ಮೇಲೆ ಗಂಟೆಗೆ 3,000 ಲೀಟರ್ ಎಂದಿತ್ತು. ಅಷ್ಟು ಎತ್ತರಕ್ಕೆ ಏರಿಸಿದ ಮೇಲೆ ನಮ್ಮ ಬಕೆಟ್ 38 ಸೆಕೆಂಡಿಗೆ ತುಂಬಿತು, ಅಂದರೆ 1,900 ಲೀಟರ್. ಡಬ್ಬಿಯ ಅಂಕಿ ನಂಬಬೇಡಿ, ಬಕೆಟ್ ಹಿಡಿಯಿರಿ. ಎರಡೂಕಾಲು ಗಂಟೆಗೆ ತೊಟ್ಟಿಯ ನೀರಷ್ಟು ಒಂದು ಸುತ್ತು. ಇದು ಸರಿಹೋಯಿತು.

ಏಪ್ರಿಲ್ 5, ರಾತ್ರಿ: ಡ್ರಮ್ ಉಕ್ಕಿತು

ಎರಡನೇ ದಿನಕ್ಕೇ ಸತ್ತ ಪಾಚಿ ರಾಶಿರಾಶಿ ಬಂದು ಮೇಲಿನ ಹತ್ತಿಯನ್ನು ಮುಚ್ಚಿಬಿಟ್ಟಿತು. ಹಸಿರು ಕಂಬಳಿಯ ಹಾಗೆ. ನೀರು ಹೊರಗಿನ ಪೈಪಿಗೆ ಹೋಗಲಾರದೆ ಡ್ರಮ್ಮಿನ ಅಂಚಿನಿಂದ ಹಿತ್ತಲಿಗೆ ಹರಿಯಿತು. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಲು ಹೋದಾಗ ಕಾಲಿಗೆ ನೀರು ತಾಗಿ ಗೊತ್ತಾಯಿತು. ತೊಟ್ಟಿ ನಾಲ್ಕು ಇಂಚು ಇಳಿದಿತ್ತು, 560 ಲೀಟರ್ ಹೋಗಿತ್ತು.

ಬೆಳಗಿನವರೆಗೆ ನೋಡದಿದ್ದರೆ ಪಂಪ್ ತಳದವರೆಗೆ ಎಳೆದುಬಿಡುತ್ತಿತ್ತು. ಮಾರನೇ ದಿನವೇ ಎರಡು ಬದಲಾವಣೆ ಮಾಡಿದೆ. ಪಂಪನ್ನು ಇಟ್ಟಿಗೆಯ ಮೇಲೆ ಒಂದೂಕಾಲು ಅಡಿ ಎತ್ತರದಲ್ಲಿ ಕೂರಿಸಿದೆ. ಏನೇ ಆದರೂ ಅರ್ಧ ತೊಟ್ಟಿ ನೀರು ಮೀನಿಗೆ ಉಳಿಯುತ್ತದೆ. ಡ್ರಮ್ಮಿಗೆ ಇನ್ನೂ ಮೇಲೆ ಒಂದು ತೂತು ಮಾಡಿ, ಉಕ್ಕಿದ ನೀರು ತೊಟ್ಟಿಗೇ ಬೀಳುವಂತೆ ಎರಡನೇ ಪೈಪ್ ಕೊಟ್ಟೆ.

ಏಪ್ರಿಲ್ 6, ಬೆಳಿಗ್ಗೆ ಐದೂವರೆ: ಎರಡು ಮೀನು ಹೋದವು

ಇದನ್ನು ಬರೆಯಲು ಈಗಲೂ ಬೇಜಾರು. ಅಪ್ಪ ಕೂಗಿದರು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಹಿಡಿಯುತ್ತಿದ್ದವು. ಎರಡು ಗೋಲ್ಡ್ ಫಿಶ್ ಆಗಲೇ ಮಗ್ಗುಲಾಗಿದ್ದವು. ಬಿಳಿ ಬಾಲದ ದೊಡ್ಡದೊಂದು, ಅಪ್ಪನ ಕೈಯಿಂದ ಕಾಳು ತಿನ್ನುತ್ತಿದ್ದದ್ದು. ಅಂಗೈಯಲ್ಲಿ ಎತ್ತಿದಾಗ ಕಿವಿರು ಒಂದೆರಡು ಸಲ ಆಡಿತು, ಆಮೇಲೆ ಇಲ್ಲ.

ಆದದ್ದೇನು ಎಂದರೆ, ಒಮ್ಮೆಲೇ ಇಷ್ಟು ಪಾಚಿ ಸತ್ತರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ ತೊಟ್ಟಿಯ ನೀರು 34 ಡಿಗ್ರಿ ಇರುತ್ತದೆ. ಬಿಸಿ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಉಳಿದ ಪಾಚಿಯೂ ರಾತ್ರಿ ಅದನ್ನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವ ಅತಿ ಕೆಟ್ಟ ಹೊತ್ತು. ಅದರ ಮೇಲೆ ಹಿಂದಿನ ರಾತ್ರಿ ಡ್ರಮ್ ಉಕ್ಕಿದ್ದಕ್ಕೆ ಪಂಪ್ ನಿಲ್ಲಿಸಿ ಮಲಗಿದ್ದೆ. ನೀರು ಬೀಳುವುದೂ ನಿಂತಿತ್ತು.

ಅವತ್ತು ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಸುರಿದೆವು, ಮಗಳು, ನಾನು, ಮನೆಯವಳು. ಅಂಗಡಿ ತೆಗೆದ ಕೂಡಲೇ ಎರಡು ಕಲ್ಲಿನ ಏರ್ ಪಂಪ್ ತಂದು ಹಾಕಿದೆ, 900 ರೂಪಾಯಿ. ಅದನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ. ಕರೆಂಟ್ ಹೋದರೂ ಗುಳ್ಳೆ ನಿಲ್ಲುವುದಿಲ್ಲ. ಮುಂದಿನ ನಾಲ್ಕು ದಿನ ಯುವಿಯನ್ನು ಬೆಳಗಿನಿಂದ ಆರು ತಾಸು ಮಾತ್ರ ಹಚ್ಚಿದೆ, ಐದನೇ ದಿನದಿಂದ 24 ಗಂಟೆ.

ದಯವಿಟ್ಟು ಏರ್ ಪಂಪನ್ನು ಯುವಿಗಿಂತ ಮೊದಲು ತನ್ನಿ. ತೀರಾ ಹಸಿರಾದ ತೊಟ್ಟಿಗೆ ಮೊದಲ ದಿನವೇ ಇಡೀ ದಿನ ಲೈಟ್ ಹಚ್ಚಬೇಡಿ.

ಏಪ್ರಿಲ್ 15: ತಳ ಕಂಡಿತು

ಸಾಸರ್ ಲೆಕ್ಕ ಹೀಗೆ ಬಂತು. ಏಪ್ರಿಲ್ 8ಕ್ಕೆ 7 ಇಂಚು. 11ಕ್ಕೆ 13. 13ಕ್ಕೆ 21. 15ನೇ ತಾರೀಖು ಬೆಳಿಗ್ಗೆ ಸಾಸರ್ ತಳಕ್ಕೆ ಹೋಗಿ ಟಕ್ ಎಂದು ಕೂತಿತು, ಮೂವತ್ತು ಇಂಚಿನಲ್ಲಿ, ಅದರ ಅಂಚಿನ ನೀಲಿ ಹೂವು ಕೂಡ ಕಾಣುತ್ತಿತ್ತು. ತೊಟ್ಟಿ ಕಟ್ಟಿದಾಗ ಗಾರೆಯವರು ತಳದಲ್ಲಿ ಕರಣೆಯಿಂದ ಎಳೆದ ಗೆರೆಗಳು ಹಾಗೇ ಇದ್ದವು. ಅಪ್ಪ ಕನ್ನಡಕ ಒರೆಸಿಕೊಂಡು ಮೀನು ಎಣಿಸಿದರು. "ಹನ್ನೊಂದು ಅದಾವ." ಈಗ ದಿನಾ ಬೆಳಿಗ್ಗೆ ಕಾಫಿಗೆ ಒಳಗೆ ಬಂದ ಕೂಡಲೇ ಆ ಅಂಕಿ ಹೇಳುತ್ತಾರೆ.

ಈ ಹತ್ತು ದಿನ ಮೇಲಿನ ಹತ್ತಿಯನ್ನು ದಿನಕ್ಕೆ ಎರಡು ಸಲ ತೊಳೆದಿದ್ದೇನೆ. ಒಂದು ಸಲ ಉತ್ಸಾಹದಲ್ಲಿ ಸ್ಪಾಂಜ್, ಸ್ಕ್ರಬ್ಬರ್ ಎಲ್ಲವನ್ನೂ ನಲ್ಲಿ ನೀರಿನಲ್ಲಿ ಫಳಫಳ ತೊಳೆದುಬಿಟ್ಟೆ. ಎರಡು ದಿನಕ್ಕೆ ಮೀನು ಕಾಳು ಬಿಟ್ಟವು. ಅಕ್ವೇರಿಯಂ ಅಂಗಡಿಯವರು ನೀರು ಪರೀಕ್ಷೆ ಮಾಡಿ ಅಮೋನಿಯಾ ಏರಿದೆ ಎಂದರು. ಮೀನಿನ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲೇ ಮನೆ ಮಾಡಿರುತ್ತದೆ, ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಂದಿತ್ತು. ಈಗ ಹತ್ತಿ ಮಾತ್ರ ನಲ್ಲಿಯಲ್ಲಿ. ಸ್ಪಾಂಜನ್ನು ತೊಟ್ಟಿಯ ನೀರು ತುಂಬಿದ ಬಕೆಟ್ಟಿನಲ್ಲಿ ಒಂದೆರಡು ಸಲ ಹಿಂಡುತ್ತೇನೆ, ಅಷ್ಟೇ. ಯುವಿ ನೀರನ್ನು ತಿಳಿ ಮಾಡುತ್ತದೆ, ಅಮೋನಿಯಾ ತೆಗೆಯುವುದಿಲ್ಲ. ತಿಳಿಯಾಗಿ ಕಾಣುವ ನೀರು ಮೀನಿಗೆ ವಿಷವಾಗಿರಬಹುದು.

ಮೇ 24, 25: ಬಿಳಿ ಪೊರೆ, ಒಡೆದ ಗಾಜು

ಮೇ ಮೂರನೇ ವಾರ ಸಾಸರ್ ಮತ್ತೆ 18 ಇಂಚಿಗೆ ಬಂತು, ಆಮೇಲೆ 14. ನೀಲಿ ಹೊಳಪು ಕಾಣುತ್ತಲೇ ಇತ್ತು, ಆದರೆ ಮೊದಲಿಗಿಂತ ಮಂಕು. ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ಕೊಳವೆ ಬಿಚ್ಚಿದೆ.

ಕ್ವಾರ್ಟ್ಜ್ ಗಾಜು ಗಾಜಿನ ಹಾಗೇ ಇರಲಿಲ್ಲ. ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಕೂರುತ್ತದಲ್ಲ, ಅದೇ ಬಿಳಿ ಸುಣ್ಣದ ಪೊರೆ. ಉಗುರಿನಿಂದ ಕೆರೆದರೆ ಗರಗರ ಎಂದಿತು. ಲೈಟಿನ ಬಿಸಿಗೆ ಸುಣ್ಣ ನೇರ ಗಾಜಿನ ಮೇಲೇ ಕೂರುತ್ತದೆ. ಫೆಬ್ರವರಿಯಲ್ಲಿ ಬರೆದಿಟ್ಟಿದ್ದ 1,900ರ ಅಂಕಿ ಆಗ ನೆನಪಾಯಿತು. ಎಂಟು ವಾರ ನೋಡದೆ ಬಿಟ್ಟಿದ್ದೆ. ಬೆಳಕು ಒಳಗೇ ಉರಿದು ಒಳಗೇ ಸಾಯುತ್ತಿತ್ತು.

ನಿಂಬೆಹಣ್ಣಿನ ಹೋಳಿನಿಂದ ತಿಕ್ಕಿದೆ, ಅರ್ಧ ಹೋಯಿತು. ಉಳಿದದ್ದಕ್ಕೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಗಾಜಿಗೆ ಸುತ್ತಿ ಒಂದು ಗಂಟೆ ಬಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದು, ಒರೆಸಿದರೆ ಪೊರೆ ಹಾಳೆಯ ಹಾಗೆ ಜಾರಿ ಬಂತು. ತಂತಿಯ ಸ್ಕ್ರಬ್ಬರ್ ಮಾತ್ರ ಮುಟ್ಟಿಸಬೇಡಿ, ಗೀರು ಬಿದ್ದರೆ ಅಲ್ಲಿಂದಲೇ ಒಡೆಯುತ್ತದೆ.

ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಮತ್ತೆ ಜೋಡಿಸುವಾಗ ಸೋರಬಾರದು ಎಂದು ತಿರುಪನ್ನು ಸ್ಪ್ಯಾನರ್ ಹಾಕಿ ಬಿಗಿದೆ. ಹಳೆಯ ರಬ್ಬರ್ ಉಂಗುರ ಗಟ್ಟಿಯಾಗಿತ್ತು. ಆಗ ಏನೂ ಕಾಣಲಿಲ್ಲ. ಮಾರನೇ ದಿನ, 25ರ ಮಧ್ಯಾಹ್ನ ಹಿತ್ತಲಿನ ಲೈನ್ ಪಟ್ ಎಂದು ಬಿತ್ತು. ಆರ್‌ಸಿಸಿಬಿ ಎತ್ತಿದರೆ ನಿಲ್ಲುತ್ತಿಲ್ಲ. ಯುವಿಯ ಪ್ಲಗ್ ಕಿತ್ತ ಮೇಲೆ ನಿಂತಿತು. ಬಿಚ್ಚಿ ನೋಡಿದರೆ ಗಾಜಿನ ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕು, ನೀರು ಒಳಗೆ ಹೋಗಿ ಲೈಟಿನ ಪಿನ್ನುಗಳಿಗೆ ತಾಗಿತ್ತು. ಅದೇ ಹೊತ್ತಿಗೆ ಮಗಳು ತೊಟ್ಟಿಯಲ್ಲಿ ಕೈ ಇಟ್ಟಿದ್ದರೆ? ಆ 2,100 ರೂಪಾಯಿ ಬಗ್ಗೆ ಇನ್ನೇನೂ ಹೇಳಬೇಕಿಲ್ಲ.

ಹೊಸ ಗಾಜು, ಹೊಸ ರಬ್ಬರ್ ಉಂಗುರ ಸೇರಿ 850. ಬರಲು ಎಂಟು ದಿನ. ಜೂನ್ 2ರಂದು ಜೋಡಿಸಿದೆ. ಈ ಸಲ ಉಂಗುರಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್, ತಿರುಪು ಕೈ ಬಿಗಿಯಷ್ಟೇ. ಗಾಜನ್ನು, ಲೈಟನ್ನು ಬರಿಗೈಯಲ್ಲಿ ಹಿಡಿಯಲಿಲ್ಲ. ಬೆರಳಿನ ಜಿಡ್ಡು ಬಿಸಿಗೆ ಅಲ್ಲೇ ಸುಟ್ಟು ಕಲೆಯಾಗುತ್ತದೆ. ಮೆತ್ತನೆ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ ಕೂರಿಸಿದೆ. ಮೊದಲು ಒಂದು ಗಂಟೆ ಲೈಟ್ ಇಲ್ಲದೆ ನೀರು ಬಿಟ್ಟು, ಒಳಗೆ ಒಣ ಟಿಶ್ಯೂ ಇಳಿಸಿ ಒದ್ದೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಲೈಟ್ ಹಾಕಿದೆ.

ಈಗ ಆರಿದ ನೀರಿಗೆ ಬದಲಾಗಿ ನಲ್ಲಿ ನೀರೇ ತುಂಬುತ್ತೇನೆ. ನೀರು ಬಂದ ದಿನ ಡ್ರಮ್ಮಿನಲ್ಲಿ ಹಿಡಿದು, ಕ್ಲೋರಿನ್ ತೆಗೆಯುವ, ಅಕ್ವೇರಿಯಂ ಅಂಗಡಿಯ ಹೈಪೋ ಹಾಕಿ, ಮಾರನೇ ದಿನ ತೊಟ್ಟಿಗೆ. ಟಿಡಿಎಸ್ 1,900ರಿಂದ 1,300ಕ್ಕೆ ಇಳಿದಿದೆ. ಗಾಜನ್ನು ಇಪ್ಪತ್ತು ದಿನಕ್ಕೊಮ್ಮೆ ಬಿಚ್ಚಿ ವಿನೆಗರ್ ಹಚ್ಚುವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಜೂನ್ 14: ಈಗಿನ ಸ್ಥಿತಿ

ಸಾಸರ್ ತಳದಲ್ಲಿ ಕಾಣುತ್ತಿದೆ. ಕೆಲಸಕ್ಕೆ ಬಂದ ಸಾಮಾನು, ಕೂಲಿ, 600 ರೂಪಾಯಿಯ ನೆರಳು ಬಲೆ ಸೇರಿ 13,140. ತಪ್ಪು ಟ್ಯೂಬ್, ಬ್ಯಾರಲ್‌ಗೆ ಹೋದದ್ದು 1,200. ಒಟ್ಟು 14,340. ಪಂಪ್, ಯುವಿ, ಏರ್ ಪಂಪ್ ಮೂರೂ ಸೇರಿ 71 ವಾಟ್, ದಿನಕ್ಕೆ 1.7 ಯೂನಿಟ್, ತಿಂಗಳಿಗೆ 51. ಗೃಹಜ್ಯೋತಿ ಇರುವವರು ಇದನ್ನು ಲೆಕ್ಕ ಹಾಕಿಕೊಳ್ಳಿ. ಹಿಂದಿನ ಸರಾಸರಿಯ ಮೇಲೆ ಒಂದು ಮಿತಿಯವರೆಗೆ ಮಾತ್ರ ಬಿಡುತ್ತಾರೆ, ಅದರ ಮೇಲಿನದಕ್ಕೆ ದುಡ್ಡು ಕಟ್ಟಬೇಕು.

ನೆರಳು ಬಲೆ 50 ಪರ್ಸೆಂಟಿನದು. ಅದನ್ನು ಫೆಬ್ರವರಿಯಲ್ಲೇ ಕಟ್ಟಬೇಕಿತ್ತು. ಬಲೆ ಬಂದ ಮೇಲೆ ಮಧ್ಯಾಹ್ನದ ನೀರು ಮೂರು ಡಿಗ್ರಿ ತಣ್ಣಗಿದೆ.

ಒಂದು ತೊಂದರೆ ಹಾಗೇ ಇದೆ. ಬಡಗಣ ಗೋಡೆಗೆ ಕೂದಲಿನಂಥ ಉದ್ದ ಪಾಚಿ ಅಂಟಿಕೊಂಡಿದೆ. ನೀರು ತಿಳಿಯಾದ ಮೇಲೆ ಬೆಳಕು ಕೆಳಗಿನವರೆಗೆ ಹೋಗಿ ಅದು ಜಾಸ್ತಿಯೇ ಆಗಿದೆ. ಯುವಿ ತನ್ನ ಮುಂದೆ ಹಾದುಹೋಗುವುದನ್ನು ಮಾತ್ರ ಕೊಲ್ಲುತ್ತದೆ, ಗೋಡೆ ಹಿಡಿದು ಕೂತದ್ದನ್ನು ಏನೂ ಮಾಡುವುದಿಲ್ಲ. ಬೇವಿನ ಕಡ್ಡಿಗೆ ಸುತ್ತಿ ಸುತ್ತಿ ಎಳೆದರೆ ಜಡೆಯ ಹಾಗೆ ಕಿತ್ತು ಬರುತ್ತದೆ. ಶನಿವಾರದ ಕೆಲಸ ಅದು.

ಮೀನಿಗೆ ಔಷಧಿ ಹಾಕಿದ ದಿನ ಯುವಿ ಆರಿಸಬೇಕು, ಮೆಥಿಲೀನ್ ಬ್ಲೂ ಥರದ ಕೆಲವು ಔಷಧಿ ಆ ಬೆಳಕಿಗೆ ಕೆಡುತ್ತವೆ. ಲೈಟು 8,000 ಗಂಟೆ ಆದ ಮೇಲೆ ನೀಲಿಯಾಗಿ ಉರಿಯುತ್ತಿದ್ದರೂ ಒಳಗಿನ ಶಕ್ತಿ ಕುಂದಿರುತ್ತದೆ. ಇಡೀ ದಿನ ಉರಿದರೆ ಅದು ಹನ್ನೊಂದು ತಿಂಗಳ ಲೆಕ್ಕ. ಕಪ್ಪು ಕೊಳವೆಯ ಮೇಲೆ ಬಿಳಿ ಪೇಂಟಿನಲ್ಲಿ "29-3-2025" ಎಂದು ಬರೆದಿದ್ದೇನೆ. 2026ರ ಫೆಬ್ರವರಿ ಕೊನೆಗೆ ಹೊಸ ಲೈಟ್ ಹಾಕಬೇಕು. ಹಳೆಯದರಲ್ಲಿ ಪಾದರಸ ಇರುತ್ತದೆ, ಅದನ್ನು ಒಡೆಯದೆ ಹೊಸದರ ಡಬ್ಬಿಯಲ್ಲೇ ಇಟ್ಟು, ಹಳೆ ಎಲೆಕ್ಟ್ರಿಕ್ ಸಾಮಾನು ತೆಗೆದುಕೊಳ್ಳುವವರ ಕೈಗೆ ಕೊಡಬೇಕು.